ಎನ್ ಸ್ಕೇಲ್‌ನಲ್ಲಿ ಐಸಿಇ, ಟಿಜಿವಿ ಮಾದರಿಗಳ ಬೆಲೆ ಇಷ್ಟೊಂದು ಏರುಪೇರಾಗುವುದೇಕೆ, ಬೇಕೆಂದಾಗ ಸಿಗದಿರುವುದೇಕೆ?

ಜರ್ಮನಿಯಲ್ಲಿ ಕೆಲಸಕ್ಕಿರುವ ನೀವು ಜರ್ಮನಿಯ ಐಸಿಇ, ಫ್ರಾನ್ಸಿನ ಟಿಜಿವಿಯಂಥ ಯೂರೋಪಿನ ಅತಿವೇಗದ ರೈಲೊಂದರ ಮಾದರಿಯನ್ನು ಎನ್ ಸ್ಕೇಲ್‌ನಲ್ಲಿ ಕೊಳ್ಳಬೇಕೆಂದಿದ್ದೀರಿ. ಒಂದು ಕಡೆ 200 ಯೂರೋ, ಇನ್ನೊಂದು ಕಡೆ 500 ಯೂರೋ ಕಾಣುತ್ತಿದೆ, ಹೆಚ್ಚಿನ ಕಡೆ ದಾಸ್ತಾನೇ ಇಲ್ಲ, ಇದೇಕೆ ಎಂದು ಕೇಳಿದ್ದೀರಿ. ಬಹುಕಾಲದಿಂದ ಇದೇ ಅಳತೆಯ ರೈಲುಗಳನ್ನು ಸಂಗ್ರಹಿಸುತ್ತಿರುವವನಾಗಿ ಹೇಳುವುದಾದರೆ, ನೀವು ಕಂಡ ಆ ಎರಡು ಬೆಲೆಗಳು ಬಹುಶಃ ಒಂದೇ ವಸ್ತುವಿನವಲ್ಲ. ಈ ಮಾದರಿಗಳ ಬೆಲೆಯನ್ನು ಪೆಟ್ಟಿಗೆಯ ಲೆಕ್ಕದಲ್ಲಿ ನೋಡದೆ, ಪೂರ್ತಿ ರೈಲಿನ ಲೆಕ್ಕದಲ್ಲಿ ನೋಡಬೇಕು.

ಎನ್ ಸ್ಕೇಲ್ ಎಂದರೆ 1:160 ಅಳತೆ, 9 ಮಿಲಿಮೀಟರ್ ಅಗಲದ ಹಳಿ. 1991ರಲ್ಲಿ ಓಡಾಟ ಆರಂಭಿಸಿದ ಐಸಿಇ 1 ರೈಲು ಎರಡು ಎಂಜಿನ್ ಹಾಗೂ ಹನ್ನೆರಡು ಬೋಗಿಗಳಿದ್ದಾಗ ಸುಮಾರು 358 ಮೀಟರ್ ಉದ್ದವಿತ್ತು, ಅದರ ಮಾದರಿ ಎರಡೂಕಾಲು ಮೀಟರ್‌ಗೆ ತುಸು ಕಡಿಮೆಯಾಗುತ್ತದೆ. ಇಷ್ಟನ್ನೂ ಒಂದೇ ಸಲಕ್ಕೆ ಮಾರಿದರೆ ಕೊಳ್ಳುವವರು ಹಿಂಜರಿಯುತ್ತಾರೆ ಎಂಬ ಕಾರಣಕ್ಕೆ ತಯಾರಕರು ರೈಲನ್ನು ಮೂಲ ಸೆಟ್, ಸೇರ್ಪಡೆ ಸೆಟ್, ಬಿಡಿ ಬೋಗಿ ಎಂದು ಒಡೆದು ಮಾರುತ್ತಾರೆ. ಫ್ಲೈಶ್‌ಮನ್ ಮತ್ತು ಮಿನಿಟ್ರಿಕ್ಸ್ ಹೊರತರುತ್ತ ಬಂದಿರುವ ಐಸಿಇಗಳು ಬಹುತೇಕ ಹೀಗೆಯೇ ಸಿಗುತ್ತವೆ. ಜಪಾನಿನ ಕಾಟೊ ಕಂಪನಿಯ ಐಸಿಇ 4 ಕೂಡ ಮೂಲ ಮತ್ತು ಸೇರ್ಪಡೆ ಸೆಟ್‌ಗಳೆರಡೂ ಕೂಡಿದಾಗಲೇ ಹನ್ನೆರಡು ಬೋಗಿಯ ನಿಜವಾದ ರೈಲಾಗುತ್ತದೆ. ಆದ್ದರಿಂದ ಜರ್ಮನ್ ರೈಲಿನ ಮೂಲ ಸೆಟ್‌ಗೆ 300–400 ಯೂರೋ ಎಂದು ಕಂಡರೆ, ಪೂರ್ತಿ ರೈಲಿಗೆ ಅದರ ಒಂದೂವರೆ ಪಟ್ಟನ್ನಾದರೂ ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಸದ್ದು ಮಾಡುವ ಡಿಜಿಟಲ್ ಡಿಕೋಡರ್ (ಎಂಜಿನ್ನಿನೊಳಗೆ ಕೂರಿಸುವ ನಿಯಂತ್ರಣ ಚಿಪ್) ಬೇಕೆಂದರೆ ಇನ್ನೂ ಸುಮಾರು ನೂರು ಯೂರೋ ಸೇರುತ್ತದೆ.

ಫ್ರೆಂಚ್ ಟಿಜಿವಿಯ ಕಥೆ ಬೇರೆ. ಅದರಲ್ಲಿ ಅಕ್ಕಪಕ್ಕದ ಎರಡು ಬೋಗಿಗಳು ನಡುವಿನ ಒಂದೇ ಚಕ್ರಚೌಕಟ್ಟಿನ ಮೇಲೆ ಕೂರುತ್ತವೆ, ಹೀಗಾಗಿ ರೈಲನ್ನು ಮನಬಂದಲ್ಲಿ ಬಿಡಿಸುವುದು ಸುಲಭವಲ್ಲ. ಎರಡು ಎಂಜಿನ್, ಎಂಟು ಬೋಗಿ, ಒಟ್ಟು 200 ಮೀಟರ್. ಮಾದರಿಯಲ್ಲಿ ಒಂದೂಕಾಲು ಮೀಟರ್. ಕಾಟೊ ತನ್ನ ಟಿಜಿವಿ ರೆಸೋ (ಟಿಜಿವಿಯ ಒಂದು ಬಗೆ) ಮತ್ತು ಥಾಲಿಸ್ (ಪ್ಯಾರಿಸ್–ಬ್ರಸೆಲ್ಸ್ ಮಾರ್ಗದಲ್ಲಿ ಓಡುತ್ತಿದ್ದ ಟಿಜಿವಿ ಕುಟುಂಬದ ರೈಲು) ರೈಲುಗಳನ್ನು ಹತ್ತೂ ವಾಹನಗಳ ಒಂದೇ ಸೆಟ್ಟಾಗಿ ಮಾರುತ್ತದೆ, ಯೂರೋಪಿನ ಅಂಗಡಿಗಳಲ್ಲಿ ನಾನು ಕಂಡಂತೆ ಅವುಗಳ ಬೆಲೆ ಸಾಮಾನ್ಯವಾಗಿ 250ರಿಂದ 350 ಯೂರೋ ಆಸುಪಾಸು. ಪಟ್ಟಿಯಲ್ಲಿ ಇದು ದುಬಾರಿಯೆಂದು ತೋರಿದರೂ ಪೂರ್ತಿ ರೈಲಿನ ಲೆಕ್ಕದಲ್ಲಿ ಇದಕ್ಕಿಂತ ಅಗ್ಗವಾದುದನ್ನು ಹೊಸ ಮಾಲಿನಲ್ಲಿ ಹುಡುಕುವುದು ಕಷ್ಟ.

ಇಷ್ಟು ಚಿಕ್ಕ ವಸ್ತುವಿಗೆ ಇಷ್ಟೇಕೆ ಬೆಲೆ ಎನ್ನುವುದಕ್ಕೆ ಮುಖ್ಯ ಕಾರಣ ಅಚ್ಚು. ವೆಕ್ಟ್ರಾನ್‌ನಂಥ ಸಾಧಾರಣ ವಿದ್ಯುತ್ ಎಂಜಿನ್ನಿಗೆ ಒಮ್ಮೆ ಅಚ್ಚು ಮಾಡಿಸಿದರೆ ಹತ್ತಾರು ದೇಶ, ಕಂಪನಿಗಳ ಬಣ್ಣ ಬಳಿದು ವರ್ಷಗಟ್ಟಲೆ ಮಾರಬಹುದು. ಅದರ ಹಿಂದೆ ಯಾವ ಬೋಗಿಯನ್ನು ಬೇಕಾದರೂ ಕಟ್ಟಬಹುದು. ಐಸಿಇಯ ಮೂತಿ, ಊಟದ ಬೋಗಿ, ಪ್ರಥಮ ದರ್ಜೆಯ ಬೋಗಿ ಪ್ರತಿಯೊಂದಕ್ಕೂ ಬೇರೆ ಬೇರೆ ಅಚ್ಚು ಬೇಕು, ಮತ್ತು ಆ ಅಚ್ಚುಗಳಿಂದ ಬರುವುದು ಬಹುಮಟ್ಟಿಗೆ ಬಿಳಿ ಮೈಯ ಕೆಂಪು ಪಟ್ಟಿಯ ಅದೇ ರೈಲು. ಟಿಜಿವಿ ಕುಟುಂಬಕ್ಕೆ ಈ ವಿಷಯದಲ್ಲಿ ಸ್ವಲ್ಪ ಅನುಕೂಲವಿದೆ, ಏಕೆಂದರೆ ಥಾಲಿಸ್ ರೈಲಿನ ಬೋಗಿಗಳ ವಿನ್ಯಾಸ ಟಿಜಿವಿ ರೆಸೋದ್ದೇ.

ಲಭ್ಯತೆಯ ವಿಷಯವೇ ಹೆಚ್ಚು ತೊಡಕಿನದು. ಇವು ಕಾರ್ಖಾನೆಯಿಂದ ವರ್ಷವಿಡೀ ಹೊರಬರುವ ಸರಕಲ್ಲ. ಪ್ರತಿ ವರ್ಷದ ಆರಂಭದಲ್ಲಿ ನ್ಯೂರೆಂಬರ್ಗ್‌ನ ಆಟಿಕೆ ಮೇಳದ ಹೊತ್ತಿಗೆ ಹೊಸ ಮಾದರಿಗಳ ಪಟ್ಟಿ ಪ್ರಕಟವಾಗುತ್ತದೆ, ಅಂಗಡಿಯವರು ಮುಂಗಡ ಕಾದಿರಿಸಿಕೊಳ್ಳುತ್ತಾರೆ, ತಯಾರಕರು ಅದನ್ನು ನೋಡಿಕೊಂಡು ಒಂದು ಕಂತು ತಯಾರಿಸುತ್ತಾರೆ. ಆ ಕಂತು ಖಾಲಿಯಾದರೆ ಮುಂದಿನದಕ್ಕೆ ವರ್ಷಗಳೇ ಹಿಡಿಯಬಹುದು, ಬಾರದೆಯೂ ಇರಬಹುದು. ಹೀಗಾಗಿ ನಾನು ಕೊಡುವ ಗಟ್ಟಿ ಸಲಹೆ ಇದು: ಮೂಲ ಸೆಟ್ ಕೊಳ್ಳುವ ದಿನವೇ ಸೇರ್ಪಡೆ ಸೆಟ್ಟನ್ನೂ ಕೊಳ್ಳಿ, ಇಲ್ಲವೇ ಎರಡನ್ನೂ ಬಿಡಿ. ಸೇರ್ಪಡೆ ಬೋಗಿಗಳು ತಯಾರಾಗುವುದು ಕಡಿಮೆ, ಆದರೆ ಅರ್ಧ ರೈಲು ಇಟ್ಟುಕೊಂಡವರೆಲ್ಲ ಅವನ್ನೇ ಹುಡುಕುತ್ತಿರುತ್ತಾರೆ. ಕಾಟೊ ಮಾದರಿಗಳಿಗೆ ಯೂರೋಪಿನಲ್ಲಿ ಜರ್ಮನಿಯ ಲೆಮ್ಕೆ ವಿತರಕ ಸಂಸ್ಥೆ. ಜಪಾನಿನಿಂದ ನೇರವಾಗಿ ತರಿಸಿದರೆ ಪಟ್ಟಿಬೆಲೆ ಕಡಿಮೆ ಕಾಣುತ್ತದೆ, ಆದರೆ ಸಾಗಣೆವೆಚ್ಚವನ್ನೂ ಜರ್ಮನಿಯ 19 ಶೇಕಡ ಆಮದು ತೆರಿಗೆಯನ್ನೂ ಕೂಡಿಸಿದ ಮೇಲೆ ಉಳಿತಾಯ ಎಷ್ಟೆಂದು ನೋಡಿ.

ಬಳಸಿದ ಮಾಲಿನ ಮಾರುಕಟ್ಟೆ ದೊಡ್ಡದಿದೆ. ನೀವು ನೋಡಿದ 200 ಯೂರೋ ಬೆಲೆ ಅಲ್ಲಿನದೇ ಆಗಿರುವ ಸಾಧ್ಯತೆ ಹೆಚ್ಚು. ಹಳೆಯ ಐಸಿಇಗಳಲ್ಲಿ ಚಕ್ರದ ರಬ್ಬರ್ ಬಳೆ ಗಟ್ಟಿಯಾಗಿರುವುದು, ಕೀಲೆಣ್ಣೆ ಒಣಗಿರುವುದು ಸಾಮಾನ್ಯ, ಇವೆರಡೂ ಸರಿಹೋಗುವಂಥವು. ಮುರಿದ ಪ್ಯಾಂಟೋಗ್ರಾಫ್ (ಮೇಲಿನ ತಂತಿಯಿಂದ ವಿದ್ಯುತ್ ಪಡೆಯುವ ಚಾವಣಿಯ ತೋಳು), ಕಳೆದುಹೋದ ಜೋಡಣೆಕೊಂಡಿ ಹಾಗಲ್ಲ, ಏಕೆಂದರೆ ಈ ರೈಲುಗಳ ಬೋಗಿಗಳ ನಡುವಿನ ಕೊಂಡಿ ಹಲವೊಮ್ಮೆ ಆ ಮಾದರಿಗೆಂದೇ ಮಾಡಿದ್ದು. ಥಾಲಿಸ್ ಹೆಸರು 2023ರಲ್ಲಿ ಯೂರೋಸ್ಟಾರ್‌ನಲ್ಲಿ ವಿಲೀನವಾದ ಮೇಲೆ ಆ ಕೆಂಪು ರೈಲಿನ ಮಾದರಿಗೆ ಕೆಲವರು ಹೆಚ್ಚು ಬೆಲೆ ಹೇಳುತ್ತಾರೆ. ಮರುತಯಾರಿಕೆ ಬಂದರೆ ಇಂಥ ಬೆಲೆ ಇಳಿಯುತ್ತದೆ, ಆತುರ ಬೇಡ.

ಕೊಳ್ಳುವ ಮೊದಲು ನಿಮ್ಮ ಹಳಿಯ ತಿರುವನ್ನೂ ಅಳೆದುಕೊಳ್ಳಿ. ಐಸಿಇ 4ರ ಬೋಗಿ ಮಾದರಿಯಲ್ಲಿ ಸುಮಾರು 18 ಸೆಂಟಿಮೀಟರ್ ಉದ್ದ, ಟಿಜಿವಿಯ ನಡುವಿನ ಬೋಗಿ 12ಕ್ಕೂ ಕಡಿಮೆ. ಬಿಗಿಯಾದ ತಿರುವಿನಲ್ಲಿ ಮೊದಲನೆಯದು ಹೊರಕ್ಕೆ ಚಾಚಿಕೊಂಡು ಅಸಹಜವಾಗಿ ಕಾಣುತ್ತದೆ. ಮನೆಯ ಮೇಜಿನ ಮೇಲೆ ಓಡಿಸುವುದಾದರೆ ನನ್ನ ಆಯ್ಕೆ ಟಿಜಿವಿ ರೆಸೋ.

ಊರಿಗೆ ಮರಳಿದ ಮೇಲೆ ಕೊಂಡರಾಯಿತು ಎಂದು ಮಾತ್ರ ಮುಂದೂಡಬೇಡಿ. ಭಾರತದ ಸುಂಕಪಟ್ಟಿಯಲ್ಲಿ ಮಾದರಿ ರೈಲುಗಳು ಆಟಿಕೆಗಳ ಶೀರ್ಷಿಕೆಯಡಿಯೇ ಬರುತ್ತವೆ, ಆ ಶೀರ್ಷಿಕೆಯ ಮೂಲ ಆಮದು ಸುಂಕ 2020ರಲ್ಲಿ 20 ಶೇಕಡದಿಂದ 60ಕ್ಕೂ, 2023ರಲ್ಲಿ 70ಕ್ಕೂ ಏರಿತು. ಜರ್ಮನಿಯಲ್ಲಿರುವಾಗಲೇ ಪೂರ್ತಿ ರೈಲು ಕೊಂಡು, ಬಿಲ್ಲನ್ನು ಮೂಲ ಪೆಟ್ಟಿಗೆಯೊಂದಿಗೇ ಇಟ್ಟುಕೊಳ್ಳಿ.