ತಂದೆಯವರ ವಾಚನ್ನು ನಾನೇ ಬಿಚ್ಚಬಹುದೇ?

ಪ್ರಶ್ನೆ: ನಮ್ಮ ತಂದೆಯವರು ಕಟ್ಟುತ್ತಿದ್ದ ಎಚ್‌ಎಂಟಿ ಜನತಾ ವಾಚು ಹಲವು ವರ್ಷಗಳಿಂದ ಬೀರುವಿನಲ್ಲೇ ಇತ್ತು. ಈಗ ಕೀ ಕೊಟ್ಟರೆ ಸ್ವಲ್ಪ ಹೊತ್ತು ಓಡಿ ನಿಲ್ಲುತ್ತದೆ. ವಾಚು ರಿಪೇರಿಯನ್ನು ಹವ್ಯಾಸವಾಗಿ ಕಲಿಯುವ ಆಸೆಯಿರುವುದರಿಂದ ಇದನ್ನೇ ಬಿಚ್ಚಿ ನೋಡಬಹುದೇ? ಮಾಸಿದ ಡಯಲ್‌ಗೆ ಹೊಸ ಬಣ್ಣ ಹಾಕಿಸಬೇಕೇ?
– ಓದುಗರೊಬ್ಬರು, ಹಾಸನ

ಉತ್ತರ: ಖಂಡಿತ ಕಲಿಯಿರಿ, ಆದರೆ ತಂದೆಯವರ ವಾಚಿನ ಮೇಲೆ ಕೈ ಪಳಗಿಸಿಕೊಳ್ಳುವುದು ಬೇಡ. ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ವಾಚು ತಯಾರಿಕೆ ಆರಂಭಿಸಿದ ಎಚ್‌ಎಂಟಿ, ಜನತಾ, ಪೈಲಟ್ ಮುಂತಾದ ಕೀ ಕೊಡುವ ವಾಚುಗಳನ್ನು ಅಪಾರ ಸಂಖ್ಯೆಯಲ್ಲಿ ತಯಾರಿಸಿತ್ತು. ಹೀಗಾಗಿ 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಸಂಸ್ಥೆಯನ್ನು ಮುಚ್ಚಲು ತೀರ್ಮಾನಿಸಿದ ಮೇಲೂ ಕೆಟ್ಟುನಿಂತ ಹಳೆಯ ವಾಚುಗಳು ರಿಪೇರಿ ಅಂಗಡಿಗಳಲ್ಲಿ ಸಿಗುತ್ತವೆ. ನಿಮ್ಮ ವಾಚಿನದೇ ಮಾದರಿಯ ಯಂತ್ರವಿರುವ ಒಂದನ್ನು ಕೊಂಡು, ಅದನ್ನು ಬಿಚ್ಚಿ ಜೋಡಿಸಿ ಓಡಿಸುವಷ್ಟು ಕೈ ಕುದುರಿದ ಬಳಿಕ ತಂದೆಯವರದನ್ನು ಮುಟ್ಟಿ.

ವಾಚು ನಿಲ್ಲಲು ಬಹುಮಟ್ಟಿಗೆ ಕಾರಣ ಒಣಗಿದ ಎಣ್ಣೆ. ಈ ಯಂತ್ರದಲ್ಲಿ ಅತ್ತಿತ್ತ ತೂಗುತ್ತ ವೇಗವನ್ನು ನಿಗದಿಪಡಿಸುವ ಚಕ್ರವಾದ ಬ್ಯಾಲೆನ್ಸ್ ವೀಲ್ ಗಂಟೆಗೆ 18,000 ಬಾರಿ, ಅಂದರೆ ಸೆಕೆಂಡಿಗೆ ಐದು ಬಾರಿ ಹೊಯ್ದಾಡಬೇಕು. ಕೂದಲೆಳೆಯಷ್ಟು ಸಪೂರವಾದ ಅದರ ತುದಿಗಳು ಕೂರುವ, ಸವೆಯದಂತೆ ಅಳವಡಿಸಿದ ಪುಟ್ಟ ಕಲ್ಲುಗಳಲ್ಲಿ (ಜ್ಯುವೆಲ್) ಎಣ್ಣೆ ಅಂಟಾದರೆ ಆ ಹೊಯ್ದಾಟ ಕುಗ್ಗುತ್ತದೆ. ಮೇಲಿನಿಂದ ಒಂದು ಹನಿ ಎಣ್ಣೆ ಬಿಟ್ಟರೆ ಅಂಟು ಹೋಗುವುದಿಲ್ಲ. ಆ ಎಣ್ಣೆ ಬ್ಯಾಲೆನ್ಸ್ ವೀಲಿಗೆ ಜೋಡಿಸಿದ ತೆಳು ಸುರುಳಿಯಾದ ಹೇರ್ ಸ್ಪ್ರಿಂಗಿಗೆ ಹರಿದು ಸುರುಳಿಗಳು ಒಂದಕ್ಕೊಂದು ಅಂಟಿಕೊಂಡು, ವಾಚು ದಿನಕ್ಕೆ ಎಷ್ಟೋ ನಿಮಿಷ ಮುಂದೆ ಓಡತೊಡಗುತ್ತದೆ. ಎಲ್ಲವನ್ನೂ ಬಿಚ್ಚಿ, ತೊಳೆದು, ಒಣಗಿಸಿ, ಆಯಾ ಜಾಗಕ್ಕೆ ತಕ್ಕ ಎಣ್ಣೆಯನ್ನು ಸೂಜಿಮೊನೆಯಷ್ಟೇ ಇಡುವುದೊಂದೇ ದಾರಿ.

ಹೊಸಬರ ಕೈಯಲ್ಲಿ ವಾಚು ಹಾಳಾಗುವುದು ಸಾಮಾನ್ಯವಾಗಿ ಒಂದೇ ಹಂತದಲ್ಲಿ. ಕೀ ಕೊಟ್ಟಾಗ ಬಿಗಿಯಾಗುವ ಮೇನ್ ಸ್ಪ್ರಿಂಗಿನಲ್ಲಿ ಬಿಗಿ ಉಳಿದಿರುವಾಗಲೇ, ಚಕ್ರಗಳನ್ನು ಒಂದೊಂದೇ ಹಲ್ಲು ತಡೆದು ಬಿಡುವ ಪ್ಯಾಲೆಟ್ ಎಂಬ ಪುಟ್ಟ ಕವಲನ್ನು ತೆಗೆದರೆ ಚಕ್ರಗಳೆಲ್ಲ ಒಮ್ಮೆಲೇ ಭರ್ರನೆ ತಿರುಗಿ ಅವುಗಳ ಮೊನೆ ಮುರಿಯುವ ಅಪಾಯವಿದೆ. ಆದ್ದರಿಂದ ಮೊದಲು ಕೀ ತಿರುಪನ್ನು ಬೆರಳುಗಳಲ್ಲಿ ಗಟ್ಟಿಯಾಗಿ ಹಿಡಿದು, ಕ್ಲಿಕ್ ಎಂಬ ಪುಟ್ಟ ತಡೆಯನ್ನು ಚಿಮಟದ ತುದಿಯಿಂದ ಬದಿಗೆ ಸರಿಸಿ, ತಿರುಪು ನಿಮ್ಮ ಬೆರಳ ಹಿಡಿತದಲ್ಲಿಯೇ ನಿಧಾನವಾಗಿ ಹಿಂದಕ್ಕೆ ತಿರುಗಲು ಬಿಡಬೇಕು. ಪ್ಯಾಲೆಟ್ಟಿನ ಕಲ್ಲುಗಳನ್ನು ಅರಗಿನಿಂದ ಕೂರಿಸಿರುತ್ತಾರೆ. ತೊಳೆಯುವಾಗ ಅದನ್ನು ಸ್ಪಿರಿಟ್ಟಿನಲ್ಲಿ ನೆನೆಸಿಟ್ಟರೆ ಅರಗು ಕರಗಿ ಕಲ್ಲು ಸಡಿಲವಾಗುತ್ತದೆ.

ಸಲಕರಣೆಗಳಲ್ಲಿ ಒಳ್ಳೆಯ ಚಿಮಟ, ಸ್ಕ್ರೂ ತಲೆಯ ಸೀಳಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್‌ಗಳು, ಕಣ್ಣಿಗೆ ಹಾಕುವ ಭೂತಗಾಜು, ಗಾಳಿ ಊದುವ ರಬ್ಬರ್ ಬುಂಡೆ ಮೊದಲಿಗೆ ಸಾಕು.

ಡಯಲ್‌ಗೆ ಮಾತ್ರ ದಯವಿಟ್ಟು ಬಣ್ಣ ಹಾಕಿಸಬೇಡಿ. ಇಂದು ಮಾರುಕಟ್ಟೆಯಲ್ಲಿ ಹೊಳೆಯುವ ಹಳೆಯ ವಾಚುಗಳಲ್ಲಿ ಎಷ್ಟೋ ಡಯಲ್‌ಗಳು ಮರುಮುದ್ರಣಗೊಂಡವು. ಅವುಗಳ ಅಕ್ಷರಗಳ ಅಂಚು ಮಬ್ಬಾಗಿರುತ್ತದೆ, ನಿಮಿಷದ ಗೆರೆಗಳು ಸಾಲು ತಪ್ಪಿರುತ್ತವೆ. ಮೂಲ ಡಯಲ್ ಒಮ್ಮೆ ಅಳಿಸಿದರೆ ಮರಳಿ ಬಾರದು. ನೀರು, ಸೋಪು ಯಾವುದನ್ನೂ ತಾಗಿಸದೆ ಬುಂಡೆಯಿಂದ ಧೂಳು ಊದಿ, ಗೀರು ಬಿದ್ದ ಮೇಲಿನ ಗಾಜನ್ನಷ್ಟೇ ಬದಲಿಸಿ.