ಸ್ಟೇನ್‌ಲೆಸ್ ಬೋಲ್ಟ್ ಸುತ್ತ ಬಿಳಿ ಪುಡಿ ಏಕೆ?

ಪ್ರಶ್ನೆ: ನಮ್ಮ ಹದಿನಾರು ಅಡಿ ಅಲ್ಯೂಮಿನಿಯಂ ದೋಣಿ ಅಳಿವೆಯ ಉಪ್ಪುನೀರಲ್ಲೇ ಇರುತ್ತದೆ. ಹಗ್ಗ ಕಟ್ಟುವ ಸ್ಟೀಲ್ ಕ್ಲೀಟ್‌ಗಳಿಗೆ 316 ದರ್ಜೆಯ ಸ್ಟೇನ್‌ಲೆಸ್ ಬೋಲ್ಟ್ ಹಾಕಿಸಿದ್ದೇವೆ. ಸುತ್ತ ಬಣ್ಣ ಗುಳ್ಳೆಯೆದ್ದು ಬಿಳಿ ಪುಡಿ ಬರುತ್ತಿದೆ. ಬೋಲ್ಟ್ ಮಾತ್ರ ಹೊಳೆಯುತ್ತಿದೆ. ಕೆಳಗಿನ ಜಿಂಕ್ ಆನೋಡ್ (ತಗಡು ಸವೆಯದಂತೆ ಕಾಯಲು ಹಾಕುವ ಸತುವಿನ ತುಂಡು) ಕೂಡ ಹೊಸದರಂತಿದೆ. ಹಾಗಾದರೆ ತೊಂದರೆ ಎಲ್ಲಿ?
– ಓದುಗರು, ಗಂಗೊಳ್ಳಿ

ಉತ್ತರ: ಎರಡು ಬೇರೆ ಲೋಹ ಮುಟ್ಟಿಕೊಂಡು ಉಪ್ಪುನೀರಲ್ಲಿ ನೆನೆದರೆ ಅಲ್ಲೊಂದು ಬ್ಯಾಟರಿಯೇ ಆಗುತ್ತದೆ. ಸಮುದ್ರದ ನೀರಿನಲ್ಲಿ ಅಲ್ಯೂಮಿನಿಯಂಗೂ 316ಕ್ಕೂ ಅರ್ಧ ವೋಲ್ಟ್‌ಗಿಂತ ಹೆಚ್ಚು ಅಂತರ; ಕರಗುವುದು ಅಲ್ಯೂಮಿನಿಯಂ, ಆ ಬಿಳಿ ಪುಡಿ ಅದರದೇ. ಬಣ್ಣ ಎದ್ದ ಸಣ್ಣ ಜಾಗವೇ ಇಡೀ ಕರೆಂಟನ್ನು ಹೊರುವುದರಿಂದ ಗುಂಡಿ ಬೇಗ ಆಳವಾಗುತ್ತದೆ. ಆದ್ದರಿಂದ ತಗಡಿಗೆ ಮಾತ್ರ ಮತ್ತೆ ಬಣ್ಣ ಬಳಿದು ಸುಮ್ಮನಾಗಬೇಡಿ.

ಬೋಲ್ಟ್ ಬಿಚ್ಚಿ, ಪುಡಿಯನ್ನು ನೈಲಾನ್ ಬ್ರಷ್‌ನಿಂದ ಉಜ್ಜಿ, ಸಿಹಿನೀರಲ್ಲಿ ತೊಳೆದು ಒಣಗಿಸಿ. ಕಬ್ಬಿಣದ ತಂತಿಬ್ರಷ್ ಬೇಡ, ಅದರ ಚೂರುಗಳು ತಗಡಿನಲ್ಲೇ ಸಿಕ್ಕಿಕೊಂಡು ಹೊಸ ಗುಂಡಿ ತೋಡುತ್ತವೆ. 8 ಮಿ.ಮೀ. ಬೋಲ್ಟ್‌ಗೆ ತೂತನ್ನು 10 ಮಿ.ಮೀ.ಗೆ ಹಿಗ್ಗಿಸಿ, 1 ಮಿ.ಮೀ. ದಪ್ಪದ ಪ್ಲಾಸ್ಟಿಕ್ ತೋಳು (ಬೋಲ್ಟ್ ಸುತ್ತ ಕೂರುವ ಕೊಳವೆ, ಸ್ಲೀವ್) ಕೂರಿಸಿ. ಕ್ಲೀಟ್ ಅಡಿಗೆ 3 ಮಿ.ಮೀ. ಪ್ಲಾಸ್ಟಿಕ್ ಹಾಳೆ, ನಟ್ ಕಡೆ ಮೊದಲು ಡೆಲ್ರಿನ್ ಎಂಬ ಗಟ್ಟಿ ಪ್ಲಾಸ್ಟಿಕ್‌ನ ವಾಷರ್, ಅದರ ಮೇಲೆ ಸ್ಟೀಲ್ ವಾಷರ್. ಸ್ಟೀಲ್ ವಾಷರ್ ಅಗಲವಾಗಿ ತಗಡಿಗೆ ತಾಗಿದರೆ ಮಾಡಿದ್ದೆಲ್ಲ ವ್ಯರ್ಥ. ನೀರು ಇಳಿಯದಂತೆ ಪಾಲಿಯುರೆಥೇನ್ ಸೀಲಂಟ್ ತುಂಬಿ. ಒಣಗಿದ ಮೇಲೆ ಮಲ್ಟಿಮೀಟರ್‌ನ ಒಂದು ಮುಳ್ಳನ್ನು ಬೋಲ್ಟ್‌ಗೆ, ಇನ್ನೊಂದನ್ನು ಬಣ್ಣವಿಲ್ಲದ ತಗಡಿಗೆ ಇಡಿ; ಬೀಪ್ ಬಂದರೆ ಎಲ್ಲೋ ತಾಗುತ್ತಿದೆ, ಬಿಚ್ಚಿ ನೋಡಿ.

ತಗಡಿನಲ್ಲೇ ಬೋಲ್ಟ್‌ಗೆ ತಿರುಪು (ಥ್ರೆಡ್) ಕೊರೆದ ಕಡೆ ತೋಳು ಹಿಡಿಯದು. ಅಲ್ಲಿ ಲೋಹಗಳ ನಡುವೆ ಹಚ್ಚುವ ಡ್ಯುರಾಲಾಕ್ ಅಥವಾ ಟೆಫ್-ಜೆಲ್ ಎಂಬ ಪೇಸ್ಟ್ ಹಚ್ಚಿ. ಗ್ರಾಫೈಟ್ ಅಥವಾ ತಾಮ್ರ ಬೆರೆತ ಗ್ರೀಸ್ ಹಚ್ಚಲೇಬೇಡಿ, ಎರಡೂ ಅಲ್ಯೂಮಿನಿಯಂ ತಿನ್ನುತ್ತವೆ. ದೋಣಿಯಡಿಗೆ ತಾಮ್ರ ಬೆರೆತ ಬಣ್ಣವೂ ಅಷ್ಟೇ ಅಪಾಯ.

ಇನ್ನು ಆನೋಡ್. ಅದು ನೀರಿನಡಿ ಇರುವ ಭಾಗವನ್ನಷ್ಟೇ ಕಾಯುತ್ತದೆ. ಮೇಲಿನ ಕ್ಲೀಟ್‌ಗೆ ಅದರಿಂದ ಪ್ರಯೋಜನವಿಲ್ಲ. ಕೆಲಸ ಮಾಡುವ ಆನೋಡ್ ಸವೆಯಲೇಬೇಕು, ಹೊಸದರಂತಿದ್ದರೆ ಅನುಮಾನಿಸಿ. ಅದಕ್ಕೆ ಬಣ್ಣ ಬಳಿದಿದ್ದಾರೆಯೇ, ಅದರಡಿ ತಗಡಿನ ಬಣ್ಣ ಕೆರೆದಿದ್ದಾರೆಯೇ ನೋಡಿ. ಆನೋಡ್ ಮತ್ತು ತಗಡಿನ ನಡುವೆ ಮೀಟರ್ 1 ಓಮ್‌ಗಿಂತ ಕಡಿಮೆ ತೋರಿಸಬೇಕು. ಮಳೆಗಾಲದಲ್ಲಿ ಅಳಿವೆಯ ನೀರು ಸಿಹಿಯಾದಾಗ ಜಿಂಕ್ ಮೇಲೆ ಪೊರೆ ಕಟ್ಟಿ ಅದು ನಿಷ್ಕ್ರಿಯವಾಗುವುದೂ ಉಂಟು. ನಿಮ್ಮ ಜಾಗಕ್ಕೆ ಅಲ್ಯೂಮಿನಿಯಂ ಮಿಶ್ರಲೋಹದ ಆನೋಡೇ ಸರಿ. ಅರ್ಧ ಸವೆದಾಗ ಬದಲಿಸಿ.