ಓದುಗರ ಪ್ರಶ್ನೆ: ಪೆಟ್ಟಿಗೆ ಹೋಯಿತು, ಲೆಕ್ಕ ಉಳಿಯಿತು

ಪ್ರಶ್ನೆ: ನಾನು 26 ವರ್ಷದ ಬಿ.ಕಾಂ. ಪದವೀಧರ. ದಾವಣಗೆರೆಯ ಮಂಡಿಪೇಟೆಯ ಸಗಟು ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದೇನೆ. ನನ್ನ ಸೋದರಮಾವ ಹಿಂದೆ ಹಂಚಿಕೆದಾರರೊಬ್ಬರ ಬಳಿ ರೆಪ್ರೆಸೆಂಟೇಟಿವ್ ಆಗಿದ್ದರು. ಯಾವ ದೊಡ್ಡ ಸಂಸ್ಥೆಗೂ ಸೇರದೆ, ಚಿಕ್ಕ ಬಂಡವಾಳದ ಕನ್ನಡ ಚಿತ್ರಗಳನ್ನು ನಮ್ಮ ಭಾಗದಲ್ಲಿ ಬಿಡುಗಡೆ ಮಾಡಿಸುವ ಸ್ವತಂತ್ರ ವಿತರಣಾ ಎಕ್ಸಿಕ್ಯೂಟಿವ್ ಆಗಬೇಕೆಂಬ ಆಸೆ ನನ್ನದು. ಇದಕ್ಕೆ ಯಾವ ಓದು ಬೇಕು? ಬೆಂಗಳೂರಿಗೆ ಹೋಗಿ ನೆಲೆಸಲೇಬೇಕೇ? ಇದರಿಂದ ಸಂಸಾರ ನಡೆಯುತ್ತದೆಯೇ?
– ಓದುಗ, ದಾವಣಗೆರೆ

ಉತ್ತರ: ಓದಿನ ವಿಷಯವನ್ನು ಮೊದಲೇ ಮುಗಿಸಿಬಿಡೋಣ. ಈ ಕೆಲಸಕ್ಕೆ ಯಾರೂ ಪದವಿಪತ್ರ ಕೇಳುವುದಿಲ್ಲ. ನಿಮ್ಮ ಬಿ.ಕಾಂ.ಗಿಂತಲೂ ಮಂಡಿಪೇಟೆಯಲ್ಲಿ ನೀವು ಬರೆಯುತ್ತಿರುವ ಲೆಕ್ಕವೇ ಇಲ್ಲಿ ಹೆಚ್ಚು ಬಾಳುತ್ತದೆ. ನಿಮ್ಮ ಪತ್ರದಲ್ಲಿ ಸಿನಿಮಾ ಎಂದರೆ ಪ್ರಾಣ ಎಂಬ ಮಾತು ಎಲ್ಲಿಯೂ ಬಂದಿಲ್ಲ. ಅದನ್ನು ನಾನು ಒಳ್ಳೆಯ ಲಕ್ಷಣವೆಂದೇ ಎಣಿಸಿದ್ದೇನೆ, ಏಕೆಂದರೆ ಚಿತ್ರವನ್ನು ಪ್ರೀತಿಸುವವರು ಅದು ಓಡಲೇಬೇಕು ಎಂದು ನಂಬಿಬಿಡುತ್ತಾರೆ, ಸೋಮವಾರದ ಗಳಿಕೆ ಬೇರೆಯದೇ ಕತೆ ಹೇಳಿದಾಗ ಆ ಕಾಗದವನ್ನು ನೋಡಲು ಅವರಿಗೆ ಮನಸ್ಸೇ ಬರುವುದಿಲ್ಲ.

ನಿಮ್ಮ ಸೋದರಮಾವನವರನ್ನು ಕೂರಿಸಿಕೊಂಡು ಒಂದು ಸಂಜೆ ಮಾತನಾಡಿಸಿ. ನಾನೂ ಎಂಬತ್ತರ ದಶಕದಲ್ಲಿ ಅದೇ ಕೆಲಸ ಮಾಡಿದವನು. ಆಗ 35 ಎಂ.ಎಂ. ಫಿಲಂ ನಿಮಿಷಕ್ಕೆ 90 ಅಡಿಯಂತೆ ಓಡುತ್ತಿತ್ತು; ಎರಡೂವರೆ ಗಂಟೆಯ ಚಿತ್ರವೆಂದರೆ 13,500 ಅಡಿ. ಅಷ್ಟನ್ನೂ ತುಂಬಿದ ತಗಡಿನ ಪೆಟ್ಟಿಗೆಗಳನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಜಗಳೂರಿಗೋ ಹೊಸದುರ್ಗಕ್ಕೋ ಹೋಗಬೇಕಿತ್ತು. ಅಲ್ಲಿ ಪ್ರತಿ ಆಟಕ್ಕೂ ಟಿಕೆಟ್ ಪುಸ್ತಕದ ಮೊದಲ ಮತ್ತು ಕೊನೆಯ ಸಂಖ್ಯೆಯನ್ನು ಗುರುತಿಸಿಕೊಂಡು, ಡಿಸಿಆರ್ ಎನ್ನುವ ದಿನದ ಗಳಿಕೆಯ ಪಟ್ಟಿಗೆ ಸಹಿ ಹಾಕಿಸಿ, ವಾರದ ಕೊನೆಗೆ ಷೇರಿನ ಹಣವನ್ನು, ಎಂದರೆ ಗಳಿಕೆಯಲ್ಲಿ ಚಿತ್ರದ ಕಡೆಯವರ ಪಾಲನ್ನು, ಎಣಿಸಿ ತರಬೇಕಿತ್ತು. ಒಂದೇ ಪ್ರಿಂಟನ್ನು ಎರಡು ಟಾಕೀಸುಗಳಿಗೆ ಹಂಚಿಕೊಟ್ಟ ದಿನಗಳಲ್ಲಿ, ಇಲ್ಲಿ ಮುಗಿದ ರೀಲನ್ನು ಸೈಕಲ್ಲಿನ ಹುಡುಗ ಅಲ್ಲಿಗೆ ಮುಟ್ಟಿಸುವವರೆಗೆ ನಮಗೆ ಎದೆ ಹೊಡೆದುಕೊಳ್ಳುತ್ತಿತ್ತು.

ಒಮ್ಮೆ ತಾಲ್ಲೂಕು ಕೇಂದ್ರವೊಂದರಲ್ಲಿ ಮ್ಯಾಟಿನಿಗೆ ಮಾರಿದ ಸಂಖ್ಯೆಯ ಟಿಕೆಟ್ಟುಗಳೇ ರಾತ್ರಿಯ ಆಟದಲ್ಲಿಯೂ ಕೈಗೆ ಸಿಕ್ಕವು. ಕಳ್ಳಲೆಕ್ಕ ಹಿಡಿದೆನೆಂಬ ಹುಮ್ಮಸ್ಸಿನಲ್ಲಿ ನನ್ನ ಧಣಿಗಳಿಗೆ ಟ್ರಂಕ್ ಕಾಲ್ ಮಾಡಿದರೆ, ಅವರು ಸುಮ್ಮನಿದ್ದು ಬಾ ಎಂದರು. ಮುಂದಿನ ತಿಂಗಳು ಬರಲಿದ್ದ ದೊಡ್ಡ ಚಿತ್ರಕ್ಕೆ ಅದೇ ಟಾಕೀಸು ಬೇಕಾಗಿತ್ತು. ಅಂದು ನನಗಾದ ಸಿಟ್ಟು ಇಂದಿಗೂ ಪೂರ್ತಿ ಇಳಿದಿಲ್ಲವಾದರೂ, ಹಂಚಿಕೆದಾರನ ಬಳಿ ಚಿತ್ರವಿರುತ್ತದೆ, ಪ್ರದರ್ಶಕನ ಬಳಿ ತಾರೀಖು ಇರುತ್ತದೆ, ಈ ಎರಡರಲ್ಲಿ ಯಾವುದರ ತೂಕ ಹೆಚ್ಚು ಎಂಬುದು ವಾರವಾರವೂ ಬದಲಾಗುತ್ತದೆ ಎಂಬುದು ನನಗೆ ತಿಳಿದದ್ದು ಅಲ್ಲಿಯೇ.

ಈಗ ಪೆಟ್ಟಿಗೆ ಇಲ್ಲ. ಕ್ಯೂಬ್, ಯುಎಫ್‌ಒ ಮೊದಲಾದ ಸಂಸ್ಥೆಗಳ ಮೂಲಕ ಚಿತ್ರವು ಡಿಜಿಟಲ್ ರೂಪದಲ್ಲಿ ಚಿತ್ರಮಂದಿರದ ಸರ್ವರನ್ನು ತಲುಪುತ್ತದೆ. ಅದನ್ನು ತೆರೆಯುವ ಕೆಡಿಎಂ ಎಂಬ ಕೀಲಿಯು ಇಂಥ ಸರ್ವರಿಗೆ, ಇಷ್ಟು ದಿನಕ್ಕೆ ಎಂದು ಗೊತ್ತುಪಡಿಸಿ ಬರುತ್ತದೆ. ಅದರಲ್ಲಿ ತಾರೀಖು ತಪ್ಪಿದ್ದರೆ ಪ್ರೇಕ್ಷಕರು ಕುಳಿತೇ ಇರುತ್ತಾರೆ, ಪರದೆ ಬೆಳಗುವುದಿಲ್ಲ. ಹೀಗೆ ಸಾಗಣೆಯ ಕಷ್ಟ ನೀಗಿದೆ, ಆದರೆ ಯಾವ ಊರಿನಲ್ಲಿ, ಯಾವ ಟಾಕೀಸಿನಲ್ಲಿ, ದಿನಕ್ಕೆ ಎಷ್ಟು ಆಟ, ಯಾವ ಷರತ್ತಿನ ಮೇಲೆ ಎಂಬ ನಿರ್ಧಾರಗಳು ಇಂದಿಗೂ ಮನುಷ್ಯರ ನಡುವೆಯೇ ಆಗಬೇಕು. ನೀವು ಮಾಡಬೇಕೆಂದಿರುವ ಕೆಲಸ ಇದೇ.

ಗಾಂಧಿನಗರದವರ ಬಾಯಲ್ಲಿ ರಾಜ್ಯವು ಏರಿಯಾಗಳಾಗಿ ಒಡೆದುಕೊಂಡಿದೆ. ಬೆಂಗಳೂರು, ಕೋಲಾರ, ತುಮಕೂರು ಸೇರಿದರೆ ಬಿಕೆಟಿ. ಚಿತ್ರದುರ್ಗ, ದಾವಣಗೆರೆ, ಶಿವಮೊಗ್ಗದ ಕಡೆಯದು ನಮ್ಮದು. ಏರಿಯಾದ ಹಕ್ಕನ್ನು ಪಡೆಯುವುದರಲ್ಲಿ ಮೂರು ಬಗೆಗಳಿವೆ. ಔಟ್‌ರೈಟ್ ಎಂದರೆ ಪೂರ್ತಿ ಹಣ ಕೊಟ್ಟು ಕೊಳ್ಳುವುದು, ಲಾಭನಷ್ಟವೆಲ್ಲ ಕೊಂಡವರದು. ಎಂಜಿ ಎಂದರೆ ಕನಿಷ್ಠ ಮೊತ್ತವೊಂದನ್ನು ಖಾತರಿಯಾಗಿ ಕೊಟ್ಟು, ಅದು ಮತ್ತು ಖರ್ಚು ವಸೂಲಾದ ಮೇಲೆ ಬಂದದ್ದನ್ನು ನಿರ್ಮಾಪಕರೊಂದಿಗೆ ಹಂಚಿಕೊಳ್ಳುವುದು. ಮೂರನೆಯದು ಕಮಿಷನ್, ಎಂದರೆ ಹಕ್ಕಿಗೆ ಹಣ ಹೂಡದೆ ಚಿತ್ರವನ್ನು ಬಿಡುಗಡೆ ಮಾಡಿಸಿ, ಬಂದ ಷೇರಿನಲ್ಲಿ ಶೇಕಡಾ ಇಷ್ಟು ಎಂದು ಪಡೆಯುವುದು. ನಿಮಗೆ ಸದ್ಯಕ್ಕೆ ಈ ಮೂರನೆಯದರ ಹೊರತು ಬೇರೆ ಯಾವುದೂ ಬೇಡ. ಮನೆಯ ಹೊಲವನ್ನು ಅಡವಿಟ್ಟು ಎಂಜಿ ಕೊಡಲು ಹೊರಟಿದ್ದೇನೆಂದು ನೀವು ಇನ್ನೊಂದು ಪತ್ರ ಬರೆದರೆ ನಾನು ಉತ್ತರಿಸುವುದಿಲ್ಲ.

ಕಮಿಷನ್ನಿನ ಲೆಕ್ಕವನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡಿ. ಏಕಪರದೆಯ ಚಿತ್ರಮಂದಿರವೊಂದರ ವಾರದ ಬಾಡಿಗೆ 90,000 ರೂಪಾಯಿ ಎಂದಿಟ್ಟುಕೊಳ್ಳೋಣ. ಟಿಕೆಟ್ಟಿನ ಒಟ್ಟು ಗಳಿಕೆಯಲ್ಲಿ ಜಿಎಸ್‌ಟಿ ಕಳೆದು ಉಳಿದ ನೆಟ್ 1,50,000 ಆದರೆ, ಬಾಡಿಗೆ ಹೋಗಿ ಷೇರು 60,000. ನಿಮ್ಮ ಕಮಿಷನ್ ಶೇಕಡಾ 10 ಆಗಿದ್ದರೆ ಕೈಗೆ ಬರುವುದು 6,000. ಅದೇ ನೆಟ್ 80,000ಕ್ಕೆ ನಿಂತರೆ ಬಾಡಿಗೆಗೇ 10,000 ಕಡಿಮೆ ಬೀಳುತ್ತದೆ. ಅದನ್ನು ನಿರ್ಮಾಪಕರ ಜೇಬಿನಿಂದ ತುಂಬಿಸಿಕೊಡಬೇಕು, ನಿಮಗೆ ಬಿಡಿಗಾಸೂ ಇಲ್ಲ, ಆ ವಾರ ಅವರು ಮಾಡುವ ಫೋನುಗಳು ಮಾತ್ರ ಎರಡರಷ್ಟು. ಭಿತ್ತಿಪತ್ರ, ಪ್ರಚಾರದ ಆಟೋ, ಡಿಜಿಟಲ್ ಶುಲ್ಕಗಳನ್ನು ನಾನಿನ್ನೂ ಇದರಲ್ಲಿ ಸೇರಿಸಿಯೇ ಇಲ್ಲ. ಆದ್ದರಿಂದ ಚಿಕ್ಕ ಚಿತ್ರಕ್ಕೆ ಬಾಡಿಗೆಯ ಬದಲು ಶೇಕಡಾವಾರು ಹಂಚಿಕೆಗೆ ಟಾಕೀಸಿನವರನ್ನು ಒಪ್ಪಿಸಬಲ್ಲಿರಾ ಎಂಬುದರ ಮೇಲೆಯೇ ನಿಮ್ಮ ಬೆಲೆ ನಿಲ್ಲುತ್ತದೆ. ಎಂಟು ಚಿತ್ರಮಂದಿರ ಹಿಡಿದೆ ಎಂದು ಬೀಗುವವರಿಗಿಂತ, ಈ ಚಿತ್ರಕ್ಕೆ ಮೂರು ಸಾಕು, ಅದೂ ದಿನಕ್ಕೆ ಎರಡೇ ಆಟ ಎಂದು ನಿರ್ಮಾಪಕರ ಮುಖಕ್ಕೆ ಹೇಳಬಲ್ಲವರನ್ನು ನಾನು ನಂಬುತ್ತೇನೆ.

ಬೆಂಗಳೂರಿನಲ್ಲಿ ನೆಲೆಸುವ ಅಗತ್ಯವಿಲ್ಲ, ಆದರೆ ಅಲ್ಲಿಗೆ ಮೇಲಿಂದ ಮೇಲೆ ಹೋಗಿಬರಬೇಕು. 1944ರಲ್ಲಿ ಸ್ಥಾಪನೆಯಾದ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ನಿರ್ಮಾಪಕರು, ಹಂಚಿಕೆದಾರರು, ಪ್ರದರ್ಶಕರು ಮೂವರೂ ಇದ್ದಾರೆ. ಹಣದ ತಕರಾರುಗಳು ಬಹುಪಾಲು ಮೊದಲು ಹೋಗುವುದು ಅಲ್ಲಿಗೇ. ನಿಮ್ಮ ನಿಜವಾದ ಬಂಡವಾಳವಿರುವುದು ಮಾತ್ರ ಊರಿನಲ್ಲಿ. ಚನ್ನಗಿರಿಯ ಕಡೆ ಅಡಿಕೆಯ ಹಣ ಯಾವಾಗ ಕೈಗೆ ಬರುತ್ತದೆ, ಭದ್ರಾ ನಾಲೆಯ ಗದ್ದೆಗಳಲ್ಲಿ ಕೊಯ್ಲು ಎಂದು ಮುಗಿಯುತ್ತದೆ, ನಾಯಕನಹಟ್ಟಿಯ ತೇರು ಯಾವ ವಾರಕ್ಕೆ ಬೀಳುತ್ತದೆ, ದಾವಣಗೆರೆಯ ಕಾಲೇಜುಗಳಲ್ಲಿ ಪರೀಕ್ಷೆ ಎಂದು ಆರಂಭ ಎಂಬುದನ್ನು ಗಾಂಧಿನಗರದ ಕಚೇರಿಯಲ್ಲಿ ಕುಳಿತವರು ಬಲ್ಲರೇ? ಬಿಡುಗಡೆಯ ಶುಕ್ರವಾರವನ್ನು ಒಂದು ವಾರ ಮುಂದಕ್ಕೆ ಹಾಕಿಸಿದ ಒಬ್ಬ ಎಕ್ಸಿಕ್ಯೂಟಿವ್‌ನಿಂದ ಚಿತ್ರವೊಂದು ಬಚಾವಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಸಂಸಾರದ ಮಾತಿಗೆ ಬರುವುದಾದರೆ, ಮೊದಲ ಒಂದೆರಡು ವರ್ಷ ಮಂಡಿಪೇಟೆಯ ಕೆಲಸವನ್ನು ಬಿಡಬೇಡಿ. ಯಾರಾದರೂ ಹಂಚಿಕೆದಾರರ ಕೈಕೆಳಗೆ ವಾರಾಂತ್ಯದಲ್ಲಿ ಡಿಸಿಆರ್ ಒಟ್ಟುಗೂಡಿಸುವ ಕೆಲಸದಿಂದ ಆರಂಭಿಸಿ. ಚಿತ್ರವೊಂದು ಎತ್ತಂಗಡಿಯಾದ ಎಂಟು ದಿನದೊಳಗೆ, ಸೋತ ಚಿತ್ರವಾಗಿದ್ದರೂ ಸರಿ, ಊರುವಾರು ಲೆಕ್ಕವನ್ನು ರಸೀದಿ ಸಮೇತ ನಿರ್ಮಾಪಕರಿಗೆ ತಲುಪಿಸಿ ನೋಡಿ. ಅಂಥ ಲೆಕ್ಕವನ್ನು ಕಾಣದ ನಿರ್ಮಾಪಕರೇ ಹೆಚ್ಚು, ಎರಡನೆಯ ಚಿತ್ರದ ಹೊತ್ತಿಗೆ ಅವರೇ ನಿಮ್ಮನ್ನು ಹುಡುಕುತ್ತಾರೆ. ಹಂಚಿಕೆಯಿಂದಲೇ ಮೇಲೆ ಬಂದವರು ನಮ್ಮಲ್ಲಿ ಇಲ್ಲದಿಲ್ಲ: 1972ರಲ್ಲಿ ಚಿತ್ರದುರ್ಗದ ಕೋಟೆಯನ್ನು ನಾಡಿನ ಮನೆಮನೆಗೂ ಪರಿಚಯಿಸಿದ ‘ನಾಗರಹಾವು’ ಚಿತ್ರದ ನಿರ್ಮಾಪಕ ಎನ್. ವೀರಾಸ್ವಾಮಿ ಅವರು ಮೂಲತಃ ಹಂಚಿಕೆದಾರರೇ.

ಪ್ರಶ್ನೆ: ಚಿತ್ರ ವಿತರಣೆಯ ಕೆಲಸದಲ್ಲಿ ಹೆಣ್ಣುಮಕ್ಕಳಿಗೆ ಅವಕಾಶವಿದೆಯೇ? ನಾನು ಎಂ.ಬಿ.ಎ. ಮಾಡಿದ್ದೇನೆ.
– ಓದುಗಳು, ಚಳ್ಳಕೆರೆ

ಉತ್ತರ: ಇದೆ. ರಾತ್ರಿಯ ಆಟ ಮುಗಿಯುವವರೆಗೆ ಟಿಕೆಟ್ ಕಿಂಡಿಯ ಬಳಿ ನಿಂತು, ಬಳಿಕ ಲಾಡ್ಜಿನಲ್ಲಿ ಉಳಿಯಬೇಕಾಗಿದ್ದ ಕಾಲದಲ್ಲಿ ಈ ಕೆಲಸಕ್ಕೆ ಹೆಂಗಸರನ್ನು ಯಾರೂ ಕರೆಯುತ್ತಿರಲಿಲ್ಲ. ಈಗ ಗಳಿಕೆಯ ಪಟ್ಟಿ ಮೊಬೈಲಿಗೇ ಬರುತ್ತದೆ. ನಿಮ್ಮ ಓದಿಗೆ ಮಲ್ಟಿಪ್ಲೆಕ್ಸುಗಳೊಂದಿಗಿನ ವ್ಯವಹಾರ ಹೆಚ್ಚು ಒಗ್ಗೀತು. ಅಲ್ಲಿ ಬಾಡಿಗೆಯ ಮಾತಿಲ್ಲ, ವಾರದಿಂದ ವಾರಕ್ಕೆ ಇಳಿಯುವ ಶೇಕಡಾವಾರು ಹಂಚಿಕೆ. 2009ರಲ್ಲಿ ಹಿಂದಿ ನಿರ್ಮಾಪಕರು ಎರಡು ತಿಂಗಳು ಚಿತ್ರ ಬಿಡುಗಡೆಯನ್ನೇ ನಿಲ್ಲಿಸಿ ಮಲ್ಟಿಪ್ಲೆಕ್ಸಿನವರಿಂದ ಒಪ್ಪಿಸಿಕೊಂಡ ಸೂತ್ರವು, ಚಿತ್ರದ ಕಡೆಯವರ ಪಾಲು ಮೊದಲ ವಾರ ಶೇಕಡಾ 50, ಎರಡನೆಯ ವಾರ 42.5, ಮೂರನೆಯ ವಾರ 37.5, ಆಮೇಲೆ 30 ಎಂದಿತ್ತು. ಆ ಚೌಕಾಸಿಯ ಇತಿಹಾಸವನ್ನು ಓದಿಕೊಳ್ಳಿ. ತಾಲ್ಲೂಕಿನ ಟಾಕೀಸಿನ ಮಾಲೀಕರು ಮೊದಲ ಭೇಟಿಯಲ್ಲಿ “ನಿಮ್ಮ ಧಣಿಗಳು ಬರಲಿಲ್ಲವೇನಮ್ಮ?” ಎಂದು ಕೇಳಿಯಾರು, ಎರಡನೆಯ ಸಲ ಲೆಕ್ಕದ ಹಾಳೆ ನಿಮ್ಮ ಕೈಯಲ್ಲಿರಲಿ.

ಪ್ರಶ್ನೆ: ನಾವು ಕೆಲವು ಶಿಕ್ಷಕ ಮಿತ್ರರು ಸೇರಿ ಚಿತ್ರವೊಂದನ್ನು ಮಾಡಿದ್ದೇವೆ. ಹಂಚಿಕೆದಾರರೊಬ್ಬರು ಒಂದೇ ಪುಟದ ಒಪ್ಪಂದ ಕಳುಹಿಸಿ, “ಎಲ್ಲ ಹಕ್ಕುಗಳೂ ನಮ್ಮವು” ಎಂಬ ಸಾಲಿನ ಕೆಳಗೆ ಸಹಿ ಕೇಳುತ್ತಿದ್ದಾರೆ. ಹಾಕಬಹುದೇ?
– ಓದುಗ, ಹೊಸದುರ್ಗ

ಉತ್ತರ: ಈಗಿರುವಂತೆ ಹಾಕಬೇಡಿ. ಚಿತ್ರಮಂದಿರದ ಹಕ್ಕು, ಟಿ.ವಿ. ಹಕ್ಕು, ಒಟಿಟಿ ಹಕ್ಕು, ಡಬ್ಬಿಂಗ್ ಹಕ್ಕುಗಳನ್ನು ಒಂದೊಂದಾಗಿ ಹೆಸರಿಸಿ, ಅವರಿಗೆ ಕೊಡುತ್ತಿರುವುದು ಯಾವುದು, ನಿಮ್ಮಲ್ಲೇ ಉಳಿಯುವುದು ಯಾವುದು ಎಂದು ಬರೆಸಿ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ವಿಧಿಯ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲಿಯೇ ಇರಬೇಕು. ಅವಧಿಯನ್ನು ನಮೂದಿಸದಿದ್ದರೆ ಐದು ವರ್ಷವೆಂದೂ, ಪ್ರದೇಶವನ್ನು ನಮೂದಿಸದಿದ್ದರೆ ಇಡೀ ಭಾರತವೆಂದೂ ಭಾವಿಸಲಾಗುತ್ತದೆ. ಹಾಗಾಗಿ ಬರೆಯದೆ ಬಿಟ್ಟ ಸಾಲು ನಿಮ್ಮ ಪರವಾಗಿಯೇ ಇರುತ್ತದೆಂದು ತಿಳಿಯಬೇಡಿ. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ ಅದು ರದ್ದಾಗುತ್ತದೆಂಬ ಅನುಕೂಲವೂ ಅದೇ ವಿಧಿಯಲ್ಲಿದೆ, ಆದರೆ ಒಪ್ಪಂದದಲ್ಲಿ ಬೇರೆ ರೀತಿ ಬರೆದಿದ್ದರೆ ಅದು ದಕ್ಕುವುದಿಲ್ಲ. ಸಹಿಗೆ ಮೊದಲು ವಕೀಲರೊಬ್ಬರಿಗೆ ಕಾಗದ ತೋರಿಸಿ.

ಪ್ರದೇಶ ಎಂಬಲ್ಲಿ ಜಿಲ್ಲೆಗಳ ಹೆಸರನ್ನಷ್ಟೇ ಬರೆಯುವ ರೂಢಿಯಿದೆ, ಅದು ಸಾಲದು. ಬಳ್ಳಾರಿ ಜಿಲ್ಲೆಯಲ್ಲಿದ್ದ ಹರಪನಹಳ್ಳಿ 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಸೇರಿತು, ಮುಂದೆ ಬಳ್ಳಾರಿಗೆ ಮರಳಿತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಅಲ್ಲಿನ ಒಂದು ವಾರದ ಷೇರಿಗಾಗಿ ಇಬ್ಬರು ಹಂಚಿಕೆದಾರರು ಒಂದೇ ಚಿತ್ರದ ಎರಡು ಒಪ್ಪಂದಗಳನ್ನು ಹಿಡಿದು ಬಂದರೆ ಟಾಕೀಸಿನವರು ಹಣವನ್ನು ಇಬ್ಬರಿಗೂ ಕೊಡದೆ ತಡೆಹಿಡಿಯುತ್ತಾರೆ. ಊರುಗಳ ಹೆಸರನ್ನೇ ಪಟ್ಟಿ ಮಾಡಿ, ಪಟ್ಟಿಯ ಪ್ರತಿ ಪುಟಕ್ಕೂ ಎರಡೂ ಕಡೆಯವರ ಸಹಿ ಹಾಕಿಸಿಕೊಳ್ಳಿ.